ಅರಸಾಳು ಸ್ಟೇಷನ್ನಿನಲ್ಲಿ ಡಬ್ಬಿಯಿಲ್ಲದ ಹುಡುಕಾಟ

ಅರಸಾಳು ರೈಲು ನಿಲ್ದಾಣದ ಹಳದಿ ಬೋರ್ಡಿನ ಮುಂದೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪನ ಫೋನು ಹಿಡಿದು ನಿಂತಿದ್ದಳು. ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದನ್ನೊಮ್ಮೆ ನೋಡುತ್ತಾಳೆ, ಫೋನನ್ನೊಮ್ಮೆ ನೋಡುತ್ತಾಳೆ. ಕೊನೆಗೆ ನನ್ನ ಹತ್ತಿರ ಬಂದು, "ಮಾಮ, ಫೋನ್ ತಪ್ಪು ತೋರಿಸ್ತಿದೆ. ಎಂಬತ್ತು ಮೀಟರ್ ಕಮ್ಮಿ ಬರ್ತಿದೆ" ಅಂದಳು.

ಫೋನು ತಪ್ಪು ತೋರಿಸುತ್ತಿರಲಿಲ್ಲ. ಬೋರ್ಡೂ ತಪ್ಪಲ್ಲ. ಎರಡೂ ಸರಿಯಾಗಿದ್ದು ಎಂಬತ್ತು ಮೀಟರಿನ ವ್ಯತ್ಯಾಸ ಹೇಗೆ ಬಂತು ಅನ್ನುವುದು ಸ್ವಾರಸ್ಯದ ಸಂಗತಿ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಾವು ಹದಿನಾಲ್ಕು ಜನ ಭಾನುವಾರ ಬೆಳಿಗ್ಗೆ ಎದ್ದು ಹೊಸನಗರ ತಾಲ್ಲೂಕಿನ ಈ ಪುಟ್ಟ ಸ್ಟೇಷನ್ನಿಗೆ ಯಾಕೆ ಬಂದಿದ್ದೆವು ಅನ್ನುವುದನ್ನು ಹೇಳಬೇಕು. ಬಂದಿದ್ದು ಜಿಯೋಕ್ಯಾಶಿಂಗ್ ಕೂಟಕ್ಕೆ. ಈ ಹೆಸರು ನಮ್ಮ ಕಡೆ ಇನ್ನೂ ಹೊಸದು. ಕೇಳಿದವರಿಗೆಲ್ಲ ವಿವರಿಸಿ ವಿವರಿಸಿ, ಇದನ್ನು ಬರೆದೇ ಇಡೋಣ ಅನ್ನಿಸಿತು.

ಆಟ ಸರಳ. ಯಾರೋ ಒಬ್ಬರು ಒಂದು ಗಟ್ಟಿ ಡಬ್ಬಿಯೊಳಗೆ ಚಿಕ್ಕ ನೋಟುಪುಸ್ತಕ ಇಟ್ಟು, ಅದನ್ನು ಎಲ್ಲೋ ಮರೆಯಾಗಿ ಇಡುತ್ತಾರೆ. ಇಟ್ಟ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಬೇರೆಯವರು ಫೋನಿನಲ್ಲಿ ಆ ಅಂಕಿ ಹಾಕಿಕೊಂಡು ಹುಡುಕಿ ಹೋಗಿ, ಡಬ್ಬಿ ಸಿಕ್ಕಿದರೆ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು, ಇದ್ದ ಹಾಗೇ ಇಟ್ಟು ಬರುತ್ತಾರೆ. ಡಬ್ಬಿಯಲ್ಲಿ ಗೋಲಿ, ಬ್ಯಾಡ್ಜು, ಚಿಕ್ಕ ಆಟಿಕೆ ಇರುವುದೂ ಉಂಟು; ಒಂದು ತೆಗೆದುಕೊಂಡರೆ ಇನ್ನೊಂದು ಇಡಬೇಕು ಅನ್ನುವುದು ರೂಢಿ.

ಇದು ಹುಟ್ಟಿದ ದಿನ ಖಚಿತವಾಗಿ ಗೊತ್ತಿದೆ. ಫೋನಿಗೆ ಜಾಗ ತಿಳಿಸುವ ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೇನೆಯವು. ಜನಸಾಮಾನ್ಯರ ಪಾಲಿಗೆ ಬರುವ ಸಂಕೇತವನ್ನು ಅವರು ಬೇಕೆಂದೇ ಸ್ವಲ್ಪ ಕೆಡಿಸಿ ಕಳಿಸುತ್ತಿದ್ದರು. ಹಾಗಾಗಿ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. 2000ದ ಮೇ 2ರಂದು ಆ ಕೆಡಿಸುವಿಕೆಯನ್ನು ನಿಲ್ಲಿಸಿದರು. ಮಾರನೇ ದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬಾತ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ಟಿನಲ್ಲಿ ಒಂದಿಷ್ಟು ಸಾಮಾನು ತುಂಬಿಟ್ಟು ಅದರ ಸ್ಥಾನವನ್ನು ಪ್ರಕಟಿಸಿದ. ಇಷ್ಟು ನಿಖರವಾಗಿ ಜಾಗ ತೋರಿಸುತ್ತದೆಯೇ ನೋಡೋಣ ಅನ್ನುವ ಕುತೂಹಲ ಅವನದು. ಕೆಲವೇ ದಿನಗಳಲ್ಲಿ ಜನ ಹುಡುಕಿ ತೆಗೆದರು. ಅಲ್ಲಿಂದ ಆಟ ಜಗತ್ತಿನಾದ್ಯಂತ ಹಬ್ಬಿತು.

ಮಲೆನಾಡಿನಲ್ಲಿ ಇದನ್ನು ಆಡುವವರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಕನ್ನಡದಲ್ಲಿ ವಿವರಿಸುವಾಗ "ನಿಧಿ ಹುಡುಕುವ ಆಟ" ಅನ್ನುವ ಮಾತು ನಾಲಿಗೆಗೆ ಬರುತ್ತದೆ. ಬರಲೇಬಾರದು. ನಮ್ಮ ಕಡೆ ನಿಧಿಯಾಸೆಗೆ ಹಳೆ ದೇವಸ್ಥಾನದ ಗರ್ಭಗುಡಿ ಅಗೆದವರಿದ್ದಾರೆ, ವೀರಗಲ್ಲು ಕಿತ್ತವರಿದ್ದಾರೆ. ಕೆಳದಿ, ಇಕ್ಕೇರಿಗಳ ಸೀಮೆಯಲ್ಲಿ ಅಪರಿಚಿತರು ಫೋನು ನೋಡಿಕೊಂಡು ಪೊದೆ ಸರಿಸುತ್ತ ನಿಧಿ ಅಂದರೆ ಊರವರು ಸುಮ್ಮನಿರುವುದಿಲ್ಲ, ಸುಮ್ಮನಿರಲೂಬಾರದು. ಆಟದ ನಿಯಮವೂ ಊರವರ ಪರವಾಗಿಯೇ ಇದೆ: ನೆಲ ಅಗೆದು ಡಬ್ಬಿ ಹೂಳುವಂತಿಲ್ಲ, ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಜಾಗದವರ ಒಪ್ಪಿಗೆ ಇಲ್ಲದೆ ಇಡುವಂತಿಲ್ಲ. ನಾನು "ಡಬ್ಬಿ ಹುಡುಕೋ ಆಟ" ಅನ್ನುತ್ತೇನೆ. ಯಾರಿಗೂ ಗಾಬರಿಯಾಗುವುದಿಲ್ಲ.

ಹಾಗಾದರೆ ರೈಲ್ವೆ ಸ್ಟೇಷನ್ನಿನಲ್ಲಿ ಡಬ್ಬಿ ಇಡಬಹುದೇ? ಕೂಡದು. ಈ ಪಾಠವನ್ನು ನಾನು ಕಲಿತಿದ್ದು ತಪ್ಪು ಮಾಡಿಯೇ. ಕೆಲವು ವರ್ಷಗಳ ಹಿಂದೆ ಒಂದು ಸ್ಟೇಷನ್ನಿನ ಬೆಂಚಿನ ಅಡಿಗೆ ಅಯಸ್ಕಾಂತ ಅಂಟಿಸಿದ ಚಿಕ್ಕ ಡಬ್ಬಿ ಇಟ್ಟಿದ್ದೆ. ಕಸ ಗುಡಿಸುವ ಅಮ್ಮನ ಕಣ್ಣಿಗೆ ಬಿತ್ತು. ಅವರು ಹೆದರಿ ಕೂಗಿದ್ದು, ಪೊಲೀಸರು ಬಂದಿದ್ದು, ಪ್ರಯಾಣಿಕರನ್ನು ಅಷ್ಟು ದೂರ ಸರಿಸಿದ್ದು, ಎಲ್ಲ ನನಗೆ ಆಮೇಲೆ ತಿಳಿಯಿತು. ಹೋಗಿ ಕೈಮುಗಿದು ಕ್ಷಮೆ ಕೇಳಿ ಬಂದೆ. ವಾರಸುದಾರರಿಲ್ಲದ ವಸ್ತು ಕಂಡರೆ ಮುಟ್ಟಬೇಡಿ, ತಿಳಿಸಿ ಎಂದು ರೈಲ್ವೆಯವರು ಜನರಿಗೆ ದಿನಾ ಹೇಳುತ್ತಿರುವಾಗ, ಅದೇ ಜಾಗದಲ್ಲಿ ಅಂಥದೇ ವಸ್ತು ಬಚ್ಚಿಡುವುದು ಆಟವಲ್ಲ. ಇನ್ನು ಹಳಿಯ ಪಕ್ಕ, ಸೇತುವೆಯ ಅಡಿ ಅಂತೆಲ್ಲ ಹೋಗುವುದಂತೂ ಅಪರಾಧ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇದಕ್ಕೆ ಆಟದೊಳಗೇ ಒಂದು ದಾರಿಯಿದೆ. ಡಬ್ಬಿಯೇ ಇಲ್ಲದ ಬಗೆ ಒಂದುಂಟು, ಅದಕ್ಕೆ 'ಈವೆಂಟ್' ಅನ್ನುತ್ತಾರೆ. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಅಕ್ಷಾಂಶ ರೇಖಾಂಶದಲ್ಲಿ ಸೇರೋಣ ಅಂತ ಕನಿಷ್ಠ ಎರಡು ವಾರ ಮೊದಲು ಸೂಚನೆ ಕೊಟ್ಟು, ಅರ್ಧ ಗಂಟೆಗೆ ಕಮ್ಮಿಯಿಲ್ಲದಂತೆ ಅಲ್ಲಿ ಸೇರಬೇಕು. ಬಂದವರ ಲೆಕ್ಕಕ್ಕೆ ಅದೂ ಒಂದು 'ಸಿಕ್ಕ ಡಬ್ಬಿ'ಯೇ. ಕೂಟ ಮುಗಿದ ಮೇಲೆ ಆ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಸ್ಟೇಷನ್ನಿಗೆ ಇದಕ್ಕಿಂತ ಹೊಂದುವ ಬಗೆ ಇಲ್ಲ. ಒಂದು ಸ್ಟೇಷನ್ ಅಂದರೆ ಯಾರೋ ಅಳೆದು, ಲೆಕ್ಕ ಹಾಕಿ, ಕಲ್ಲಿನಲ್ಲೋ ಬೋರ್ಡಿನಲ್ಲೋ ಬರೆದಿಟ್ಟ ಸಂಗತಿಗಳ ಕಣಜ. ಹುಡುಕಬೇಕಾದದ್ದೆಲ್ಲ ಅಲ್ಲಿ ಕಣ್ಣೆದುರೇ ಇದೆ. ಓದುವುದನ್ನು ಕಲಿಯಬೇಕು ಅಷ್ಟೇ.

ಓದುವುದಕ್ಕೆ ಮುಂಚೆ ಕೈಯಲ್ಲಿರುವ ಫೋನು ಹೇಗೆ ಜಾಗ ಕಂಡುಹಿಡಿಯುತ್ತದೆ ಅನ್ನುವುದು ತಿಳಿದಿರಬೇಕು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಅಂತ ಎಣಿಸುವ ಅಭ್ಯಾಸ ಮಲೆನಾಡಿನ ಮಕ್ಕಳಿಗೆಲ್ಲ ಇದೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಜಿಪಿಎಸ್ ಮಾಡುವುದೂ ಇದನ್ನೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರವಿದೆ. "ನಾನು ಇಂಥ ಉಪಗ್ರಹ, ಇಂಥ ಕಡೆ ಇದ್ದೇನೆ, ಈಗ ಗಂಟೆ ಇಷ್ಟು" ಅಂತ ಅದು ಸಾರುತ್ತಲೇ ಇರುತ್ತದೆ. ಆ ಸಂಕೇತ ನಮ್ಮನ್ನು ಮುಟ್ಟಲು ತೆಗೆದುಕೊಂಡ ಹೊತ್ತಿನಿಂದ ದೂರ ಸಿಗುತ್ತದೆ. ಮೂರು ಉಪಗ್ರಹಗಳ ದೂರ ಗೊತ್ತಾದರೆ ನಾವಿರುವ ಜಾಗ ಸಿಗಬೇಕು. ಆದರೆ ಫೋನಿನ ಗಡಿಯಾರ ಅಷ್ಟು ನಿಖರವಲ್ಲ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನ ಹೊತ್ತಿನಲ್ಲಿ 30 ಸೆಂಟಿಮೀಟರ್ ಹೋಗಿಬಿಡುತ್ತದೆ. ಗಡಿಯಾರ ಕೂದಲೆಳೆ ತಪ್ಪಿದರೂ ಲೆಕ್ಕ ಊರಾಚೆ ಹೋಗುತ್ತದೆ. ಆ ತಪ್ಪನ್ನು ಹಿಡಿಯಲು ನಾಲ್ಕನೇ ಉಪಗ್ರಹ ಬೇಕು. ನಾಲ್ಕು ಸಿಕ್ಕರೆ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸರಿಯಾದ ಸಮಯ, ನಾಲ್ಕೂ ದಕ್ಕುತ್ತವೆ.

ಇಲ್ಲಿ ಎಲ್ಲೂ ಮೊಬೈಲ್ ನೆಟ್‌ವರ್ಕಿನ ಮಾತು ಬರಲಿಲ್ಲ, ಗಮನಿಸಿ. "ನಮ್ಮಲ್ಲಿ ಸಿಗ್ನಲ್ ಇಲ್ಲ, ಜಿಪಿಎಸ್ ಕೆಲಸ ಮಾಡಲ್ಲ" ಅನ್ನುವವರು ಬಹಳ. ಮಾಡುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆ ಇಳಿಸಿಕೊಳ್ಳಲು. ಮನೆಯಲ್ಲೇ ಇಳಿಸಿಟ್ಟುಕೊಂಡರೆ ಹೊಸನಗರದ ಯಾವ ಮೂಲೆಯಲ್ಲಾದರೂ ಫೋನು ಜಾಗ ತೋರಿಸುತ್ತದೆ, ಮೊದಲ ಸಲ ಒಂದೆರಡು ನಿಮಿಷ ಹೆಚ್ಚು ಹಿಡಿಯಬಹುದು ಅಷ್ಟೇ. ನಮ್ಮ ಕಡೆ ನಿಜವಾದ ತೊಂದರೆ ಕೊಡುವುದು ಮರ. ಮೋಡಕ್ಕೂ ಮಳೆಗೂ ಈ ಸಂಕೇತ ಅಷ್ಟಾಗಿ ಬಗ್ಗುವುದಿಲ್ಲ. ಆದರೆ ನೆನೆದ ಎಲೆಗಳ ದಟ್ಟ ಚಪ್ಪರ ಅದನ್ನು ಹೀರಿಬಿಡುತ್ತದೆ. ಬಯಲಲ್ಲಿ ಐದು ಮೀಟರಿಗೆ ಬರುವ ನಿಖರತೆ ಕಾಡಿನ ಅಡಿ ಇಪ್ಪತ್ತು ಮೂವತ್ತಕ್ಕೆ ಇಳಿಯುವುದನ್ನು ನೋಡಿದ್ದೇನೆ. ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಆಕಾಶ ತೆರೆದಿರುತ್ತದೆ, ಹಾಗಾಗಿ ಹೊಸಬರು ಕಲಿಯಲು ಅದು ಒಳ್ಳೆಯ ಜಾಗ.

ಅಂಕಿ ಓದುವುದು ಹೀಗೆ. ಈ ಆಟದಲ್ಲಿ ಡಿಗ್ರಿ, ಮಿನಿಟು, ಮಿನಿಟಿನ ಮೂರು ದಶಾಂಶ ಸ್ಥಾನ ಬರೆಯುವುದು ರೂಢಿ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಅದರ ಅರವತ್ತರಲ್ಲೊಂದು ಪಾಲು ಒಂದು ಮಿನಿಟು, ಅಂದರೆ 1.85 ಕಿಲೋಮೀಟರ್. ಮಿನಿಟಿನ ಸಾವಿರದಲ್ಲೊಂದು ಪಾಲು 1.85 ಮೀಟರ್, ಒಬ್ಬ ಆಳು ಕೈ ಚಾಚಿ ನಿಂತಷ್ಟು. ಅಂದರೆ ದಶಾಂಶದ ಕೊನೆಯ ಅಂಕಿ ಒಂದು ತಪ್ಪಾದರೆ ಕೈಚಾಚಿನಷ್ಟು ತಪ್ಪು. ಮೊದಲ ಅಂಕಿ ತಪ್ಪಾದರೆ ಎರಡು ಗದ್ದೆ ಆಚೆ. ಮಿನಿಟೇ ತಪ್ಪಿದರೆ ಪಕ್ಕದೂರು.

ಈಗ ಸ್ಟೇಷನ್ನಿಗೆ ಬರೋಣ. ಬೀರೂರಿನಿಂದ ಶಿವಮೊಗ್ಗಕ್ಕೆ ಮೈಸೂರು ಸಂಸ್ಥಾನದ ರೈಲು ಬಂದಿದ್ದು 1899ರಲ್ಲಿ. ಆ ಮೇಲೆ ಮೂವತ್ತು ವರ್ಷ ಹಳಿ ಅಲ್ಲೇ ನಿಂತಿತ್ತು. ಶಿವಮೊಗ್ಗದಿಂದ ಪಶ್ಚಿಮಕ್ಕೆ, ಕುಂಸಿ, ಅರಸಾಳು, ಆನಂದಪುರ, ಸಾಗರ ಅಂತ ಹಂತ ಹಂತವಾಗಿ 1930ರ ದಶಕದಲ್ಲಿ ಮುಂದುವರಿದು, 1940ರಲ್ಲಿ ತಾಳಗುಪ್ಪ ಮುಟ್ಟಿತು. ಎಲ್ಲವೂ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಗಲದ ಹಳಿಯ ಮೇಲೆ ಇನ್ನೂ ಪುಟ್ಟ ರೈಲು ಓಡುತ್ತಿತ್ತು, ಈಗ ಅದಿಲ್ಲ. ಬೀರೂರು ಶಿವಮೊಗ್ಗ ಮಾರ್ಗ 90ರ ದಶಕದಲ್ಲಿ ಅಗಲ ಹಳಿಯ ಬ್ರಾಡ್ ಗೇಜ್ ಆಯಿತು. ತಾಳಗುಪ್ಪದ ಕಡೆ ಮೀಟರ್ ಗೇಜ್ ಇನ್ನೂ ಬಹಳ ಕಾಲ ಉಳಿದಿತ್ತು. ಬಸ್ಸಿನಂಥ ಒಂಟಿ ಬೋಗಿಯ ರೈಲ್ ಬಸ್ ಅದರ ಮೇಲೆ ಓಡುತ್ತಿದ್ದದ್ದು ಸಾಗರದವರಿಗೆಲ್ಲ ನೆನಪಿದೆ. 2011ರ ಹೊತ್ತಿಗೆ ಅದೂ ಹೋಗಿ ದೊಡ್ಡ ಹಳಿ ಬಂತು.

ಹಳಿ ಬದಲಾದಾಗ ಹಳೆಯ ಸ್ಟೇಷನ್ ಕಟ್ಟಡಗಳು ಸಾಮಾನ್ಯವಾಗಿ ಪಾಳು ಬೀಳುತ್ತವೆ. ಅರಸಾಳಿನದು ಉಳಿಯಿತು. 80ರ ದಶಕದಲ್ಲಿ ಶಂಕರ್‌ನಾಗ್ ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ದೂರದರ್ಶನಕ್ಕೆ ತಂದಾಗ ಮಾಲ್ಗುಡಿ ಸ್ಟೇಷನ್ನಾಗಿ ಕಂಡದ್ದು ಈ ಕಟ್ಟಡ. ಆ ನೆನಪಿಗೆ ರೈಲ್ವೆಯವರು ಇದನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಒಂದು ಧಾರಾವಾಹಿ ಒಂದು ಕಟ್ಟಡದ ಪ್ರಾಣ ಉಳಿಸಿತು. ಆ ಪುಣ್ಯ ಇಲ್ಲದ ಸ್ಟೇಷನ್ನುಗಳೂ ಅಷ್ಟೇ ಹಳೆಯವು, ಅಷ್ಟೇ ಚೆಂದದವು. ಅವುಗಳ ಚಿತ್ರ, ವಿವರಗಳನ್ನಾದರೂ ಈಗಲೇ ದಾಖಲಿಸಿಕೊಳ್ಳಬೇಕು ಅನ್ನುವುದು ನನ್ನ ಕಳಕಳಿ. ಇಂಥ ಕೂಟಗಳಿಂದ ಆಗುವ ದೊಡ್ಡ ಉಪಕಾರ ಅದೇ.

ನಮ್ಮ ಕೂಟದಲ್ಲಿ ನಾಲ್ಕು ಪ್ರಶ್ನೆ ಇಟ್ಟಿದ್ದೆವು. ಒಂದೊಂದರ ಉತ್ತರವೂ ಒಂದು ಸಂಖ್ಯೆ. ಸಂಖ್ಯೆಗಳನ್ನು ಜೋಡಿಸಿದರೆ ಮಧ್ಯಾಹ್ನದ ಊಟದ ಜಾಗದ ಅಕ್ಷಾಂಶ ರೇಖಾಂಶ ಸಿಗಬೇಕು. ಒಂದು ಪ್ರಶ್ನೆ ಹೀಗಿತ್ತು: "ಹೊಸ ಹಳಿಯ ಅಗಲದಲ್ಲಿ ಹಳೆ ಹಳಿಯ ಅಗಲ ಕಳೆಯಿರಿ." ಬ್ರಾಡ್ ಗೇಜಿನ ಎರಡು ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್, ಮೀಟರ್ ಗೇಜಿನದು ಹೆಸರೇ ಹೇಳುವಂತೆ 1,000. ಉಳಿಯುವುದು 676. ಅದನ್ನು ಅಕ್ಷಾಂಶದ ಮಿನಿಟಿನ ಮುಂದೆ ದಶಾಂಶವಾಗಿ ಬರೆಯಬೇಕು. 676ರ ಬದಲು ಅವಸರಕ್ಕೆ 667 ಬರೆದ ಗುಂಪು ಹದಿನೇಳು ಮೀಟರ್ ಆಚೆ, ಅಡಿಕೆ ತೋಟದ ಬೇಲಿಗೆ ಹೋಗಿ ನಿಂತಿತು. ಅಂಕಿಯ ಬೆಲೆ ಮಕ್ಕಳಿಗೆ ಅರ್ಥವಾಗಲು ಇನ್ನೇನು ಬೇಕು?

ಟೇಪು ಹಿಡಿದು ಹಳಿ ಅಳೆಯಲು ಯಾರನ್ನೂ ಬಿಡಲಿಲ್ಲ. ಆ ಉತ್ತರ ಕೊಟ್ಟಿದ್ದು ಒಬ್ಬ ಅಜ್ಜ. ರೈಲಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದವರು, ನಮ್ಮ ಗದ್ದಲ ಕೇಳಿ ಬಂದಿದ್ದರು. "ಎಂತ ಹುಡುಕ್ತಿದ್ರಿ ಮಾರಾಯ್ರೇ?" ಅಂತ ಶುರುವಾದ ಮಾತು ಮುಗಿಯುವ ಹೊತ್ತಿಗೆ ಎಲ್ಲರೂ ಅವರ ಸುತ್ತ ಕೂತಿದ್ದರು. ಮೀಟರ್ ಗೇಜ್ ಯಾಕೆ ಮೀಟರೇ ಆಯಿತು ಅನ್ನುವುದಕ್ಕೆ ಅವರ ಉತ್ತರ, "ಸಣ್ಣ ಹಳಿ, ಖರ್ಚು ಕಮ್ಮಿ, ಗುಡ್ಡದಲ್ಲಿ ತಿರುವು ಸಲೀಸು." ಸರಿಯಾದ ಮಾತು. ಅದಕ್ಕೆ ನಾನು ಸೇರಿಸಿದ್ದು ಇಷ್ಟು: 1870ರ ಸುಮಾರಿಗೆ ವೈಸ್‌ರಾಯ್ ಲಾರ್ಡ್ ಮೇಯೋನ ಸರ್ಕಾರ ಅಗ್ಗದ ಸಣ್ಣ ಹಳಿ ಹಾಕಲು ನಿರ್ಧರಿಸಿದಾಗ ಭಾರತಕ್ಕೆ ಮೆಟ್ರಿಕ್ ಅಳತೆ ತರುವ ಯೋಚನೆಯೂ ನಡೆದಿತ್ತು. ಅದಕ್ಕೇ ಅಡಿ ಇಂಚು ಬಿಟ್ಟು ಸರಿಯಾಗಿ ಒಂದು ಮೀಟರ್ ಆರಿಸಿದರು. ಮೆಟ್ರಿಕ್ ಅಳತೆ ಜನರ ಕೈಗೆ ಬರಲು ಮುಂದೆ ಸುಮಾರು ತೊಂಬತ್ತು ವರ್ಷ ಹಿಡಿಯಿತು, ಹಳಿ ಮಾತ್ರ ಮೊದಲೇ ಬಂದುಬಿಟ್ಟಿತ್ತು.

ಅಜ್ಜ ಮನಸ್ಸಿಟ್ಟು ಹೇಳಿದ್ದು ತಮ್ಮ ಕಾಲದ ಟೋಕನ್ ವಿಷಯ. ಒಂಟಿ ಹಳಿಯ ಮೇಲೆ ಎರಡೂ ಕಡೆಯಿಂದ ರೈಲು ಬಂದರೆ ಡಿಕ್ಕಿ ಆಗದಂತೆ ನೋಡಿಕೊಳ್ಳುವುದು ಹೇಗೆ? ಎರಡು ಸ್ಟೇಷನ್ನುಗಳಲ್ಲೂ ಒಂದೊಂದು ಯಂತ್ರ, ಒಂದಕ್ಕೊಂದು ತಂತಿಯ ಸಂಪರ್ಕ. ಯಂತ್ರದೊಳಗೆ ಉಕ್ಕಿನ ಚೆಂಡುಗಳು, ಕಿತ್ತಳೆಹಣ್ಣಿನ ಹಾಗೆ. ಈ ಚೆಂಡೇ ಟೋಕನ್. ಈ ಕಡೆಯ ಸ್ಟೇಷನ್ ಮಾಸ್ಟರ್ ಕೇಳಿ, ಆ ಕಡೆಯವರು ಒಪ್ಪಿ ಗುಂಡಿ ಒತ್ತಿದರೆ ಮಾತ್ರ ಒಂದು ಚೆಂಡು ಹೊರಗೆ ಬರುತ್ತದೆ. ಬಂದ ಕೂಡಲೇ ಎರಡೂ ಯಂತ್ರಗಳಿಗೆ ಬೀಗ ಬೀಳುತ್ತದೆ. ಆ ಚೆಂಡು ಇಲ್ಲಿಯೋ ಅಲ್ಲಿಯೋ ವಾಪಸು ಯಂತ್ರದೊಳಗೆ ಬೀಳುವ ತನಕ ಇನ್ನೊಂದು ಚೆಂಡು ಹೊರಡುವುದಿಲ್ಲ. ಚೆಂಡು ಯಾವ ಎರಡು ಸ್ಟೇಷನ್ನುಗಳ ನಡುವಿನದು ಅನ್ನುವುದು ಅದರ ಮೇಲೇ ಕೊರೆದಿರುತ್ತದೆ. ಚೆಂಡು ಕೈಗೆ ಬರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಯಾರು ಮರೆತರೂ, ಯಾರು ನಿದ್ದೆಗಣ್ಣಿನಲ್ಲಿದ್ದರೂ ಯಂತ್ರ ತಪ್ಪು ಮಾಡಲು ಬಿಡುವುದಿಲ್ಲ.

ನಿಲ್ಲದ ಗಾಡಿಗೆ ಟೋಕನ್ ಕೊಡುವುದು ಹೇಗೆ ಅಂತ ಹುಡುಗರು ಕೇಳಿದರು. ಅಜ್ಜ ಎದ್ದು ನಿಂತರು. ಬೆತ್ತದ ದೊಡ್ಡ ಬಳೆಯಂಥದು, ಅದಕ್ಕೆ ಚರ್ಮದ ಚೀಲ, ಚೀಲದೊಳಗೆ ಚೆಂಡು. ಬಲಗೈ ಮೇಲೆತ್ತಿ ಬಳೆ ಹಿಡಿದು ತೋರಿಸಿದರು. ಇಂಜಿನ್ನಿನವನು ತೋಳು ಚಾಚಿ ಅದರೊಳಗೆ ತೂರಿಸುತ್ತಾನೆ, ಅದೇ ಗಳಿಗೆಯಲ್ಲಿ ತನ್ನ ಬಳಿಯ ಹಳೆ ಬಳೆಯನ್ನು ಎಸೆಯುತ್ತಾನೆ. "ಮಳೆಗಾಲದ ರಾತ್ರಿ, ಪ್ಲಾಟ್‌ಫಾರಮ್ಮೆಲ್ಲ ಜಾರು, ಕಾಲಿಗೆ ಇಂಬಳ ಬೇರೆ. ಕೈ ಅಲುಗಬಾರದು" ಅಂದರು. ಹೇಳುವಾಗಲೂ ಅವರ ಕೈ ಅಲುಗಲಿಲ್ಲ. ಭುಜದ ಮಟ್ಟಕ್ಕಿಂತ ತುಸು ಮೇಲೆ, ಅಂಗೈ ಒಳಮುಖ, ಹೆಬ್ಬೆರಳು ಸಡಿಲ. ಬಳೆ ಹೋಗುವಾಗ ಬೆರಳು ಜತೆಗೆ ಹೋಗಬಾರದಲ್ಲ, ಅದಕ್ಕೆ. ಇದು ಯಾವ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ. ನಾವು ಅವರ ಒಪ್ಪಿಗೆ ಕೇಳಿ ವೀಡಿಯೋ ಮಾಡಿಟ್ಟುಕೊಂಡೆವು.

ಇನ್ನೊಂದು ಪ್ರಶ್ನೆ ಗಡಿಯಾರದ್ದು. ಶಿವಮೊಗ್ಗದಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ. ವರ್ಷದ ಸರಾಸರಿ ಹಿಡಿದರೆ ಹನ್ನೆರಡೂವರೆಗೆ ಎರಡು ನಿಮಿಷ ಮೊದಲು. ನಮ್ಮ ರೇಖಾಂಶ 75 ಡಿಗ್ರಿ 34 ಮಿನಿಟಿನ ಆಸುಪಾಸು, ಭಾರತೀಯ ಕಾಲಮಾನ ಲೆಕ್ಕ ಹಾಕುವುದು 82.5 ಡಿಗ್ರಿಯಿಂದ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹತ್ತಿರ ಹತ್ತಿರ ಏಳು ಡಿಗ್ರಿಗೆ 28 ನಿಮಿಷ. ಈ ಒಂದೇ ಕಾಲಮಾನ ಬಂದಿದ್ದು 1906ರ ಜನವರಿ 1ರಂದು. ಅದಕ್ಕೆ ಮುಂಚೆ ಊರೂರಿಗೂ ಅದರದರ ಸೂರ್ಯನ ಸಮಯ. ರೈಲಿಗೆ ಅದು ಆಗಿಬರುವುದಿಲ್ಲ, ಒಂದೇ ಹಳಿಯ ಎರಡು ತುದಿಯಲ್ಲಿ ಎರಡು ಸಮಯ ಇದ್ದರೆ ಅಪಘಾತವೇ. ಹಾಗಾಗಿ ಭಾರತದ ರೈಲುಗಳು ಬಹುಪಾಲು ಮದ್ರಾಸಿನ ಸಮಯ ಹಿಡಿದಿದ್ದವು. 1899ರ ಶಿವಮೊಗ್ಗದಲ್ಲಿ ನೆರಳು ನೋಡಿ ಹೊತ್ತು ಹೇಳುತ್ತಿದ್ದ ರೈತನಿಗೂ ಮದ್ರಾಸ್ ಗಡಿಯಾರಕ್ಕೂ ಸುಮಾರು 19 ನಿಮಿಷ ವ್ಯತ್ಯಾಸ. ರೈಲು ಸುರಕ್ಷಿತವಾಗಿ ಓಡಲು ದೂರದೂರಿನ ಗಡಿಯಾರಗಳು ಒಂದೇ ಹೊತ್ತು ತೋರಿಸಬೇಕಿತ್ತು. ಉಪಗ್ರಹಗಳಿಗೂ ಈಗ ಅದೇ ಕಟ್ಟುಪಾಡು, ಹಿಡಿತ ಮಾತ್ರ ಇನ್ನೂ ಬಿಗಿ: ವೇಗ ಮತ್ತು ಗುರುತ್ವದ ಪ್ರಭಾವದಿಂದ ಉಪಗ್ರಹದ ಗಡಿಯಾರ ದಿನಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು ಮುಂದೋಡುತ್ತದೆ. ಅದನ್ನು ತಿದ್ದದಿದ್ದರೆ ದೂರದ ಲೆಕ್ಕ ಒಂದೇ ದಿನದಲ್ಲಿ 11 ಕಿಲೋಮೀಟರಿನಷ್ಟು ಕೆಡುತ್ತದೆ.

ಈಗ ಆ ಹುಡುಗಿಯ ಎಂಬತ್ತು ಮೀಟರ್.

ಮನೆ ಕಟ್ಟುವ ಮೇಸ್ತ್ರಿ ಎರಡು ಗೋಡೆ ಒಂದೇ ಮಟ್ಟದಲ್ಲಿವೆಯೇ ನೋಡಲು ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ತುದಿಯನ್ನು ಎರಡು ಕಡೆ ಹಿಡಿಯುತ್ತಾನೆ. ನೀರು ನಿಂತದ್ದೇ ಮಟ್ಟ. ಸರ್ವೆಯವರು ಎತ್ತರ ಅಳೆಯುವುದೂ ಮೂಲತಃ ಇದೇ ತತ್ವದ ಮೇಲೆ. ಕಡಲ ತೀರದಲ್ಲಿ ಭರತ ಇಳಿತಗಳನ್ನು ವರ್ಷಗಟ್ಟಲೆ ದಾಖಲಿಸಿ ಸರಾಸರಿ ತೆಗೆದು, ಅದನ್ನು ಸೊನ್ನೆ ಅಂತ ಇಟ್ಟುಕೊಂಡು, ಅಲ್ಲಿಂದ ಒಳನಾಡಿಗೆ ಹೆಜ್ಜೆ ಹೆಜ್ಜೆಗೂ ಮಟ್ಟ ತೆಗೆಯುತ್ತ ಬರುತ್ತಾರೆ. 1909ರಲ್ಲಿ ಇಡೀ ದೇಶದ ಎತ್ತರದ ಲೆಕ್ಕ ಕೂಡಿಸಿದಾಗ ಒಂಬತ್ತು ಬಂದರುಗಳ ಸಮುದ್ರಮಟ್ಟವನ್ನು ಆಧಾರ ಮಾಡಿಕೊಂಡರು. ಅದರಲ್ಲಿ ನಮ್ಮ ಕಾರವಾರವೂ ಒಂದು. ಹೀಗೆ ತಂದ ಎತ್ತರವನ್ನು ಅಲ್ಲಲ್ಲಿ ಕಲ್ಲಿನ ಮೇಲೆ ಗುರುತು ಹಾಕಿದ್ದಾರೆ. ಹಳೆಯ ಕಟ್ಟಡಗಳ ಬುಡದಲ್ಲಿ ಜಿ.ಟಿ.ಎಸ್. ಬಿ.ಎಂ. ಅಂತ ಇಂಗ್ಲಿಷ್ ಅಕ್ಷರ ಕೊರೆದ ಕಲ್ಲು ಕಂಡರೆ ಅದು ಇದೇ. 1802ರಲ್ಲಿ ಮದ್ರಾಸಿನಿಂದ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಶುರು ಮಾಡಿದ ಮಹಾ ಸರ್ವೆಯ (ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆ) ಹೆಸರು ಅದರ ಮೇಲಿದೆ; ಬಿ.ಎಂ. ಅಂದರೆ ಬೆಂಚ್ ಮಾರ್ಕ್, ಎತ್ತರದ ಗುರುತು. ರೈಲು ಹಳಿ ಹಾಕುವವರಿಗೆ ಎತ್ತರದ ಲೆಕ್ಕ ಉಸಿರಿದ್ದಂತೆ. ನೂರು ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಏರಿದರೂ ಇಂಜಿನ್ನಿಗೆ ಅದು ಕಡಿದಾದ ಏರು. ಮಲೆನಾಡಿನ ಹಳಿ ಗುಡ್ಡ ಬಳಸಿ ಬಳಸಿ ಹೋಗುವುದು ಅದಕ್ಕೇ.

ಬೋರ್ಡಿನ ಮೇಲಿರುವುದು ನೀರು ಹೇಳಿದ ಎತ್ತರ. ಫೋನು ಹೇಳುವುದು ಬೇರೆ. ಉಪಗ್ರಹಕ್ಕೆ ಸಮುದ್ರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗಣಿತದಲ್ಲಿ ಕಟ್ಟಿದ, ಧ್ರುವಗಳಲ್ಲಿ ತುಸು ಅದುಮಿದ, ನುಣುಪಾದ ಒಂದು ಗೋಳ. ನಿಜವಾದ ಕಡಲಿನ ಮೈ ಅಷ್ಟು ನುಣುಪಲ್ಲ. ಭೂಮಿಯೊಳಗಿನ ವಸ್ತು ಎಲ್ಲ ಕಡೆ ಒಂದೇ ಸಮ ಹರಡಿಲ್ಲ, ಸೆಳೆತ ಒಂದೇ ಸಮ ಇಲ್ಲ, ಹಾಗಾಗಿ ನೀರು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗುತ್ತದೆ. ಇಡೀ ಭೂಮಿಯಲ್ಲೇ ಅತಿ ದೊಡ್ಡ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಕಡಲಿನ ಮಟ್ಟ ಆ ಗಣಿತದ ಗೋಳಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗಿದೆ. ನಾವು ಆ ತಗ್ಗಿನ ಇಳಿಜಾರಿನ ಮೇಲಿದ್ದೇವೆ. ನಮ್ಮ ಕಡೆ ಸಮುದ್ರಮಟ್ಟವೇ ಗೋಳಕ್ಕಿಂತ ಎಂಬತ್ತು ಮೀಟರಿನ ಆಸುಪಾಸು ಕೆಳಗೆ. ಶಿವಮೊಗ್ಗ ಊರು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರವಾದರೆ, ಉಪಗ್ರಹದ ಲೆಕ್ಕದಲ್ಲಿ ಅದು 490ರ ಹತ್ತಿರ. ಕೆಲವು ಆ್ಯಪ್‌ಗಳು ಈ ವ್ಯತ್ಯಾಸವನ್ನು ತಾವೇ ಸರಿಮಾಡಿ ತೋರಿಸುತ್ತವೆ, ಕೆಲವು ಹಾಗೇ ತೋರಿಸುತ್ತವೆ. ಹುಡುಗಿಯ ಕೈಲಿದ್ದದ್ದು ಎರಡನೆಯದು. "ಅಂದ್ರೆ ಸಮುದ್ರನೇ ಇಳಿಜಾರಾ?" ಅಂದಳು. ಹೌದು, ಆದರೆ ಹಡಗಿಗೆ ಅದು ಗೊತ್ತಾಗುವುದಿಲ್ಲ, ನೀರಿನ ಪಾಲಿಗೆ ಅದೇ ಸಮತಟ್ಟು ಅಂದೆ. ಅವಳು ಬಹಳ ಹೊತ್ತು ಬೋರ್ಡನ್ನೇ ನೋಡುತ್ತಿದ್ದಳು.

ನಿಮ್ಮೂರಿನ ಸ್ಟೇಷನ್ನಿನಲ್ಲಿ ಹೀಗೆ ಸೇರಬೇಕು ಅಂತಿದ್ದರೆ ಕೆಲವು ವ್ಯಾವಹಾರಿಕ ಮಾತು. ಮೊದಲು ಸ್ಟೇಷನ್ ಮಾಸ್ಟರನ್ನು ಕಂಡು, ಎಷ್ಟು ಜನ, ಎಷ್ಟು ಹೊತ್ತು ಅನ್ನುವುದನ್ನು ಬರೆದು ಕೊಡಿ. ಸಾಧ್ಯವಾದರೆ ರೈಲಿನಲ್ಲೇ ಬನ್ನಿ. ಇಲ್ಲವಾದರೆ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಳ್ಳಿ. ಪ್ರಶ್ನೆಗಳೆಲ್ಲ ಪ್ಲಾಟ್‌ಫಾರಂ ಮತ್ತು ಹೊರಗಿನ ಅಂಗಳದಿಂದಲೇ ಉತ್ತರ ಸಿಗುವಂತಿರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಯಲ್ಲಿ ಬೇಡ. ನವೆಂಬರಿನಿಂದ ಫೆಬ್ರವರಿ ಹದವಾದ ಕಾಲ. ಡಬ್ಬಿಯನ್ನೂ ಇಡಬೇಕು ಅನ್ನಿಸಿದರೆ ಸ್ಟೇಷನ್ನಿನಿಂದ ದೂರ, ಪರಿಚಯದವರ ತೋಟದಲ್ಲೋ ಅಂಗಡಿಯಲ್ಲೋ ಅವರನ್ನು ಕೇಳಿ ಇಡಿ. ರಕ್ಷಿತಾರಣ್ಯದೊಳಗೆ, ಶೆಟ್ಟಿಹಳ್ಳಿ ಅಭಯಾರಣ್ಯದಂಥ ಕಡೆ, ಇಡಲೇಬೇಡಿ. ಹೋಗುವಾಗ ಒಂದು ಗೋಣಿಚೀಲ ಒಯ್ದು ಸುತ್ತಲಿನ ಪ್ಲಾಸ್ಟಿಕ್ ಹೆಕ್ಕಿ ತನ್ನಿ. ಈ ಆಟದವರಲ್ಲಿ ಅದು ಮೊದಲಿನಿಂದ ಬಂದ ಪದ್ಧತಿ. ನಾವು ಎರಡು ಚೀಲ ತುಂಬಿದೆವು. ಅಜ್ಜನೂ ಕೈ ಜೋಡಿಸಿದರು, ಆಮೇಲೆ ನಮ್ಮ ಜೊತೆಗೇ ಅವಲಕ್ಕಿ ಮೊಸರು ತಿಂದರು.

ಮುಂದಿನ ಕೂಟ ತಾಳಗುಪ್ಪದಲ್ಲಿ. ಅಲ್ಲಿಗೆ ಹಳಿ ಮುಗಿಯುತ್ತದೆ. ಆಚೆಗೆ ಜೋಗ, ಘಟ್ಟ, ಅದರಾಚೆ ಕಡಲು. ಒಂದು ಪ್ರಶ್ನೆಯನ್ನು ಈಗಲೇ ಕೊಟ್ಟಿದ್ದೇವೆ, ಅದನ್ನು ಬರೆದವಳು ಆ ಹುಡುಗಿಯೇ: "ಬರುವ ದಾರಿಯಲ್ಲಿ ಪ್ರತಿ ಸ್ಟೇಷನ್ನಿನ ಬೋರ್ಡಿನ ಎತ್ತರ ಒಂದು ಕಡೆ, ಫೋನಿನ ಎತ್ತರ ಇನ್ನೊಂದು ಕಡೆ ಬರೆದುಕೊಳ್ಳಿ. ಅತಿ ಎತ್ತರದ ಸ್ಟೇಷನ್ ಯಾವುದು? ಎರಡು ಲೆಕ್ಕದಲ್ಲೂ ಅದೇನಾ?" ಕಿಟಕಿ ಪಕ್ಕದ ಸೀಟು ಹಿಡಿಯುವವರು ಪೆನ್ಸಿಲ್ ತನ್ನಿ.